ಮುಳ್ಳಿನಿಂದ ದೇಹದ ಗುಟ್ಟು ಬಿಡಿಸಿದ ಮೆಚ್ನಿಕಾಫ್

ಮಕ್ಕಳೇ, ಬರಿಗಾಲಿನಲ್ಲಿ ಓಡಾಡುವಾಗ ನಿಮ್ಮ ಕಾಲಿಗೆ ಎಂದಾದರೂ ಮುಳ್ಳು ಚುಚ್ಚಿದೆಯೇ? ಖಂಡಿತ ಚುಚ್ಚಿರುತ್ತದೆ. ಅಮ್ಮನೋ ಅಜ್ಜಿಯೋ ಅದನ್ನು ಮೆಲ್ಲಗೆ ಕಿತ್ತು ತೆಗೆದಿರುತ್ತಾರೆ. ಆದರೆ ಮುಳ್ಳಿನ ತುದಿ ಮುರಿದು ಒಳಗೇ ಉಳಿದರೆ ಏನಾಗುತ್ತದೆ? ಮರುದಿನ ಆ ಜಾಗ ಕೆಂಪಾಗುತ್ತದೆ. ಮುಟ್ಟಿದರೆ ಬಿಸಿ ಎನಿಸುತ್ತದೆ. ಊದಿಕೊಳ್ಳುತ್ತದೆ. ಕಾಲೂರಲು ಆಗದಷ್ಟು ನೋವು. ಎರಡು ಮೂರು ದಿನಗಳಲ್ಲಿ ಅಲ್ಲಿ ಕೀವು ಕೂಡ ತುಂಬಬಹುದು.

ಕೆಂಪು, ಬಿಸಿ, ಊತ, ನೋವು. ಈ ನಾಲ್ಕೂ ಸೇರಿದರೆ ಅದನ್ನು ಉರಿಯೂತ ಎನ್ನುತ್ತೇವೆ. ಸುಮಾರು 2000 ವರ್ಷಗಳ ಹಿಂದೆಯೇ ರೋಮ್‌ನ ಸೆಲ್ಸಸ್ ಎಂಬ ಲೇಖಕ ಈ ನಾಲ್ಕು ಗುರುತುಗಳನ್ನು ಬರೆದಿಟ್ಟಿದ್ದಾನೆ. ಆದರೆ ಒಂದು ಪ್ರಶ್ನೆಗೆ ಮಾತ್ರ ಬಹುಕಾಲ ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಈ ಊತ ಯಾರ ಕೆಲಸ? ನಮಗೆ ಕೇಡು ಮಾಡುವ ಮುಳ್ಳಿನದೇ? ಅಥವಾ ನಮ್ಮನ್ನು ಕಾಯುವ ನಮ್ಮದೇ ದೇಹದ್ದೇ?

ಇದೇನು ಅಷ್ಟು ದೊಡ್ಡ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಆದರೆ ಇಂದು ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ದೊಡ್ಡ ವೈದ್ಯರೂ ಇದೇ ವಿಷಯವಾಗಿ ತಲೆ ಕೆಡಿಸಿಕೊಳ್ಳುತ್ತಾರೆ! ಕಾಲಿನ ಮುಳ್ಳಿಗೂ ಹೃದಯದ ಶಸ್ತ್ರಚಿಕಿತ್ಸೆಗೂ ಏನು ಸಂಬಂಧ? ಅದನ್ನು ತಿಳಿಯಬೇಕಾದರೆ ನೀವು ಮೊದಲು ಎಲಿ ಮೆಚ್ನಿಕಾಫ್ ಎಂಬ ವಿಜ್ಞಾನಿಯ ಕಥೆ ಕೇಳಬೇಕು.

ಕಾಸು ಕೊಟ್ಟು ಪಾಠ ಹೇಳಿದ ಹುಡುಗ

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕೊವ್ ನಗರದ ಸಮೀಪದ ಒಂದು ಹಳ್ಳಿಯಲ್ಲಿ. ಆಗ ಆ ಪ್ರದೇಶ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಇಂದು ಅದು ಉಕ್ರೇನ್ ದೇಶದಲ್ಲಿದೆ. ಹುಡುಗನ ಮನೆಯ ಹೆಸರು ಇಲ್ಯಾ. ತಂದೆ ಚಕ್ರವರ್ತಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ತಾಯಿ ಎಮಿಲಿಯಾ. ಐದು ಮಕ್ಕಳಲ್ಲಿ ಇಲ್ಯಾನೇ ಕೊನೆಯವನು.

ಅಣ್ಣನಿಗೆ ಪಾಠ ಹೇಳಲು ಮನೆಗೆ ಒಬ್ಬ ವಿದ್ಯಾರ್ಥಿ ಬರುತ್ತಿದ್ದ. ಅವನಿಗೆ ಗಿಡಮರಗಳೆಂದರೆ ಬಹಳ ಇಷ್ಟ. ಅಣ್ಣನಿಗೆ ಹೇಳಿದ ಪಾಠ ತಮ್ಮನ ಮನಸ್ಸಿಗೆ ನಾಟಿತು. ಇಲ್ಯಾ ಗಿಡಗಳನ್ನು ಸಂಗ್ರಹಿಸತೊಡಗಿದ. ಹುಳುಹುಪ್ಪಟೆಗಳನ್ನು ಗಮನಿಸತೊಡಗಿದ. ತಾನು ಕಲಿತದ್ದನ್ನು ಇತರರಿಗೆ ಹೇಳುವ ಆಸೆ ಅವನಿಗೆ. ಆದರೆ ಕೇಳುವವರು ಬೇಕಲ್ಲ! ಅದಕ್ಕೆ ಅವನೊಂದು ಉಪಾಯ ಮಾಡಿದ. ತನ್ನ ಕೈಖರ್ಚಿನ ಕಾಸನ್ನೇ ಅಣ್ಣಂದಿರಿಗೂ ಗೆಳೆಯರಿಗೂ ಕೊಟ್ಟು, ಕೂರಿಸಿ, ಉಪನ್ಯಾಸ ಮಾಡುತ್ತಿದ್ದ!

ಮಗನ ಆಸಕ್ತಿಗೆ ತಾಯಿ ಸದಾ ಬೆಂಬಲವಾಗಿ ನಿಂತರು. ಇಲ್ಯಾ ಖಾರ್ಕೊವ್ ಶಾಲೆಯಲ್ಲಿ ಚಿನ್ನದ ಪದಕ ಪಡೆದ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷಗಳ ವಿಜ್ಞಾನ ಶಿಕ್ಷಣವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ. ಆಗ ಅವನ ವಯಸ್ಸು 19.

ಮುಂದೆ ಮೆಚ್ನಿಕಾಫ್ ಜರ್ಮನಿ ಮತ್ತು ಇಟಲಿಗೆ ಹೋಗಿ ಸಮುದ್ರದ ಸಣ್ಣ ಪ್ರಾಣಿಗಳ ಬಗ್ಗೆ ಅಧ್ಯಯನ ಮಾಡಿದರು. 1865ರಲ್ಲಿ ಅವರು ಒಂದು ಬಗೆಯ ಚಪ್ಪಟೆ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದರ ಜೀವಕೋಶಗಳು ಆಹಾರದ ಕಣಗಳನ್ನು ಒಳಗೆಳೆದುಕೊಂಡು ತಾವೇ ಜೀರ್ಣಿಸುತ್ತಿದ್ದವು. ನಿಮ್ಮ ಪಾಠದಲ್ಲಿ ಬರುವ ಅಮೀಬಾ ಊಟ ಮಾಡುವುದು ಹೀಗೆಯೇ ಅಲ್ಲವೇ? ಒಂದು ಜೀವಕೋಶ ಇನ್ನೊಂದು ಕಣವನ್ನು ನುಂಗಬಲ್ಲದು. ಈ ಸಂಗತಿ ಅವರ ಮನಸ್ಸಿನ ಮೂಲೆಯಲ್ಲಿ ಉಳಿಯಿತು. ಅದು ಉಪಯೋಗಕ್ಕೆ ಬಂದದ್ದು ಮಾತ್ರ 17 ವರ್ಷಗಳ ನಂತರ.

ಕತ್ತಲೆಯ ದಿನಗಳು

ಮೆಚ್ನಿಕಾಫ್ ಚಿಕ್ಕ ವಯಸ್ಸಿನಲ್ಲಿಯೇ ಒಡೆಸಾ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆದರೆ ಅವರ ಬಾಳು ಸುಖವಾಗಿರಲಿಲ್ಲ. 1869ರಲ್ಲಿ ಅವರು ಲುದ್ಮಿಲಾ ಎಂಬುವರನ್ನು ಮದುವೆಯಾದರು. ಮದುವೆಯ ಹೊತ್ತಿಗೇ ಲುದ್ಮಿಲಾ ಅವರಿಗೆ ಕ್ಷಯರೋಗ ತಗುಲಿತ್ತು. ನಡೆಯಲು ಶಕ್ತಿಯಿಲ್ಲದ ವಧುವನ್ನು ಕುರ್ಚಿಯಲ್ಲಿ ಕೂರಿಸಿ ಮದುವೆಗೆ ಕರೆತರಬೇಕಾಯಿತು. ಕ್ಷಯಕ್ಕೆ ಆಗ ಔಷಧಿಯೇ ಇರಲಿಲ್ಲ. ಬೆಚ್ಚನೆಯ ಹವೆ ಇರುವ ಊರುಗಳಿಗೆ ಕರೆದೊಯ್ದು ಮೆಚ್ನಿಕಾಫ್ ಹೆಂಡತಿಯನ್ನು ನೋಡಿಕೊಂಡರು. ಆದರೂ 1873ರಲ್ಲಿ ಮದೀರಾ ದ್ವೀಪದಲ್ಲಿ ಅವರು ತೀರಿಕೊಂಡರು.

ಮೆಚ್ನಿಕಾಫ್ ಕುಗ್ಗಿಹೋದರು. ಅವರ ಕಣ್ಣುಗಳೂ ದುರ್ಬಲವಾಗಿದ್ದವು. ಸೂಕ್ಷ್ಮದರ್ಶಕದ ಮುಂದೆ ಕೂರಲೂ ಆಗುತ್ತಿರಲಿಲ್ಲ. ಬದುಕಿನಲ್ಲಿ ಏನೂ ಉಳಿದಿಲ್ಲ ಎನ್ನುವಷ್ಟು ದುಃಖ. ಆ ದಿನಗಳಲ್ಲೇ ಒಂದು ರಾತ್ರಿ ದೀಪದ ಸುತ್ತ ಹಾರುತ್ತಿದ್ದ ಹುಳುಗಳ ಗುಂಪು ಅವರ ಕಣ್ಣಿಗೆ ಬಿತ್ತು. ಇಷ್ಟು ಅಲ್ಪ ಆಯುಸ್ಸಿನ ಜೀವಿಗಳು ಪ್ರಕೃತಿಯಲ್ಲಿ ಉಳಿದು ಬಂದದ್ದು ಹೇಗೆ ಎಂಬ ಪ್ರಶ್ನೆ ಅವರಲ್ಲಿ ಎದ್ದಿತು. ಪ್ರಶ್ನೆಯ ಬೆನ್ನು ಹತ್ತಿದ ಮನಸ್ಸು ನಿಧಾನವಾಗಿ ದುಃಖದಿಂದ ಹೊರಬಂತು.

1875ರಲ್ಲಿ ಅವರು ಓಲ್ಗಾ ಎಂಬುವರನ್ನು ಮದುವೆಯಾದರು. ಓಲ್ಗಾ ಅವರ ತಂದೆತಾಯಿ ತೀರಿಕೊಂಡ ಮೇಲೆ ಅವರ ತಮ್ಮಂದಿರು, ತಂಗಿಯರ ಜವಾಬ್ದಾರಿಯನ್ನೂ ಮೆಚ್ನಿಕಾಫ್ ಹೊತ್ತರು. 1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾಯಿತು. ದೇಶದಲ್ಲಿ ಗಲಭೆ, ವಿಶ್ವವಿದ್ಯಾಲಯದಲ್ಲಿ ಕಿರುಕುಳ. ಬೇಸತ್ತ ಮೆಚ್ನಿಕಾಫ್ 1882ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮನೆಯವರೆಲ್ಲರನ್ನೂ ಕರೆದುಕೊಂಡು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಎಂಬ ಊರಿಗೆ ಹೋದರು.

ಎಲ್ಲರೂ ಸರ್ಕಸ್‌ಗೆ ಹೋದ ದಿನ

ಅದು 1882ರ ಡಿಸೆಂಬರ್ ತಿಂಗಳು. ಊರಿಗೆ ಸರ್ಕಸ್ ಬಂದಿತ್ತು. ಆಟವಾಡುವ ಕೋತಿಗಳನ್ನು ನೋಡಲು ಮನೆಯವರೆಲ್ಲರೂ ಹೊರಟರು. ಮೆಚ್ನಿಕಾಫ್ ಒಬ್ಬರೇ ಮನೆಯಲ್ಲಿ ಉಳಿದು ಸೂಕ್ಷ್ಮದರ್ಶಕದ ಮುಂದೆ ಕುಳಿತರು.

ಅವರು ನೋಡುತ್ತಿದ್ದುದು ನಕ್ಷತ್ರಮೀನಿನ ಲಾರ್ವಾ. ಮೊಟ್ಟೆಯಿಂದ ಹೊರಬಂದು ಇನ್ನೂ ಬೆಳೆಯಬೇಕಾದ ಮರಿಯನ್ನು ಲಾರ್ವಾ ಎನ್ನುತ್ತೇವೆ. ನಕ್ಷತ್ರಮೀನಿನ ಲಾರ್ವಾ ಗಾಜಿನಂತೆ ಪಾರದರ್ಶಕ. ಅದನ್ನು ಕೊಯ್ಯದೆಯೇ ಒಳಗೆ ನಡೆಯುವುದನ್ನೆಲ್ಲ ನೋಡಬಹುದು. ಒಳಗೆ ಕೆಲವು ಜೀವಕೋಶಗಳು ಅಮೀಬಾದಂತೆ ಅತ್ತಿತ್ತ ತೆವಳುತ್ತಿದ್ದವು. ಹಿಂದೆ ಅವರು ಇಂಥ ಪ್ರಾಣಿಗಳ ಮೈಯೊಳಗೆ ಬಣ್ಣದ ಪುಡಿ ಸೇರಿಸಿದ್ದಾಗ ಅಲೆದಾಡುವ ಕೋಶಗಳು ಆ ಪುಡಿಯನ್ನು ನುಂಗಿದ್ದವು.

ಆಗ ಅವರಿಗೆ ಥಟ್ಟನೆ ಒಂದು ಯೋಚನೆ ಹೊಳೆಯಿತು. ಈ ಕೋಶಗಳ ಕೆಲಸ ಬರೀ ಊಟ ಮಾಡುವುದಷ್ಟೇ ಇರಲಾರದು. ಹೊರಗಿನಿಂದ ನುಗ್ಗುವ ಶತ್ರುಗಳಿಂದ ದೇಹವನ್ನು ಕಾಯುವುದೂ ಇವುಗಳದೇ ಕೆಲಸ ಇರಬಹುದಲ್ಲವೇ? ಹಾಗಿದ್ದರೆ ಲಾರ್ವಾದ ಮೈಗೆ ಒಂದು ಮುಳ್ಳು ಚುಚ್ಚಿದರೆ, ನಮ್ಮ ಬೆರಳಿಗೆ ಮುಳ್ಳು ಹೊಕ್ಕಾಗ ಆಗುವಂತೆಯೇ, ಈ ಕೋಶಗಳು ಬಂದು ಅದನ್ನು ಮುತ್ತಬೇಕು.

ಉತ್ಸಾಹದಿಂದ ಅವರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮನೆಯ ಮುಂದಿನ ಪುಟ್ಟ ತೋಟಕ್ಕೆ ಹೋಗಿ ಕೆಲವು ಗುಲಾಬಿ ಮುಳ್ಳುಗಳನ್ನು ತಂದರು. ಅವನ್ನು ಲಾರ್ವಾಗಳ ತೆಳು ಚರ್ಮದ ಕೆಳಗೆ ಸೇರಿಸಿದರು. ಆ ರಾತ್ರಿ ಅವರಿಗೆ ನಿದ್ದೆಯೇ ಬರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಸೂಕ್ಷ್ಮದರ್ಶಕದಲ್ಲಿ ಇಣುಕಿದರು.

ಏನು ಕಂಡಿತು ಗೊತ್ತೇ? ಪ್ರತಿಯೊಂದು ಮುಳ್ಳಿನ ಸುತ್ತಲೂ ಅಲೆದಾಡುವ ಕೋಶಗಳು ಗುಂಪುಗುಂಪಾಗಿ ಮುತ್ತಿಕೊಂಡಿದ್ದವು! ಲಾರ್ವಾಗೆ ರಕ್ತನಾಳಗಳಿಲ್ಲ. ನರಗಳ ನಿಯಂತ್ರಣವೂ ಇಲ್ಲ. ಆದರೂ ಕೋಶಗಳು ತಾವಾಗಿಯೇ ಅಲ್ಲಿಗೆ ಬಂದಿದ್ದವು. ಅಂದರೆ ಉರಿಯೂತದ ಮೂಲ ಈ ಕೋಶಗಳ ಓಟ. ಅದು ರೋಗವಲ್ಲ, ದೇಹದ ರಕ್ಷಣೆ. ಇದು ಮೆಚ್ನಿಕಾಫ್ ಕಂಡ ಗುಟ್ಟು.

ನಮ್ಮ ದೇಹದಲ್ಲಿ ಈ ಕೆಲಸ ಮಾಡುವುದು ಬಿಳಿ ರಕ್ತಕಣಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ, ಅಂದರೆ ಗುಂಡುಸೂಜಿಯ ತಲೆಯಷ್ಟು ರಕ್ತದಲ್ಲಿ, ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೊಫಿಲ್ ಎಂಬ ಬಗೆಯವು. ಗಾಯವಾದಾಗ ಮೊದಲು ಓಡಿ ಬರುವ ಕಾವಲುಗಾರರು ಇವರೇ. ರಕ್ತನಾಳದ ಗೋಡೆಗೆ ಅಂಟಿಕೊಂಡು, ಸಂದಿನಲ್ಲಿ ನುಸುಳಿ ಹೊರಬಂದು, ರೋಗಾಣುಗಳನ್ನು ನುಂಗುತ್ತಾರೆ. ತಮ್ಮೊಳಗಿನ ತೀಕ್ಷ್ಣ ರಾಸಾಯನಿಕಗಳಿಂದ ಅವುಗಳನ್ನು ಕೊಲ್ಲುತ್ತಾರೆ. ಈ ಹೋರಾಟದಲ್ಲಿ ತಾವೂ ಸಾಯುತ್ತಾರೆ. ನೀವು ಗಾಯದಲ್ಲಿ ಕಾಣುವ ಕೀವಿನಲ್ಲಿ ಇರುವುದು ಹೆಚ್ಚಾಗಿ ಸತ್ತ ಬಿಳಿ ಕಣಗಳೇ!

ನಂಬದ ಜನ, ಬಿಡದ ಛಲ

ಮೆಚ್ನಿಕಾಫ್ ತಮ್ಮ ಪ್ರಯೋಗದ ಬಗ್ಗೆ 1883ರಲ್ಲಿ ಪ್ರಕಟಿಸಿದರು. ವಿಯೆನ್ನಾ ನಗರದ ಪ್ರಾಧ್ಯಾಪಕ ಕ್ಲಾಸ್ ಅವರು ಈ ಕೋಶಗಳಿಗೆ ಫ್ಯಾಗೋಸೈಟ್ ಎಂಬ ಹೆಸರು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ತಿನ್ನುವ ಕೋಶ ಎಂದು ಇದರ ಅರ್ಥ. ಕನ್ನಡದಲ್ಲಿ ನಾವು ಭಕ್ಷಕ ಕೋಶ ಎನ್ನುತ್ತೇವೆ.

ಆದರೆ ಬಹಳಷ್ಟು ವೈದ್ಯರು ಇದನ್ನು ಒಪ್ಪಲಿಲ್ಲ. ಬಿಳಿ ಕಣಗಳ ಒಳಗೆ ರೋಗಾಣುಗಳು ಇರುವುದನ್ನು ಅವರೂ ನೋಡಿದ್ದರು. ಆದರೆ ರೋಗಾಣುಗಳೇ ಬಿಳಿ ಕಣಗಳ ಒಳಗೆ ಹೊಕ್ಕು, ಅವುಗಳ ಮೇಲೆ ಸವಾರಿ ಮಾಡಿ ಮೈಯೆಲ್ಲ ಹರಡುತ್ತವೆ ಎಂದು ಅವರು ತಿಳಿದಿದ್ದರು. ನೋಡಿ ಮಕ್ಕಳೇ, ಕಂಡ ದೃಶ್ಯ ಒಂದೇ. ಆದರೆ ಒಬ್ಬರಿಗೆ ಬಿಳಿ ಕಣ ಕಾವಲುಗಾರ, ಇನ್ನೊಬ್ಬರಿಗೆ ಅದು ಶತ್ರುವಿನ ಗಾಡಿ! ಯಾವುದು ನಿಜ? ವಾದದಿಂದ ತೀರ್ಮಾನವಾಗದು. ಇನ್ನಷ್ಟು ಪ್ರಯೋಗ ಬೇಕು.

ಮೆಚ್ನಿಕಾಫ್ ಈಗ ನೀರು ಚಿಗಟವನ್ನು ಆರಿಸಿಕೊಂಡರು. ಕೆರೆ ಕುಂಟೆಗಳಲ್ಲಿ ಚುಕ್ಕೆಯಷ್ಟು ದೊಡ್ಡದಾಗಿ ಕುಪ್ಪಳಿಸುತ್ತ ಈಜುವ ಜೀವಿ ಇದು. ಇದರ ಮೈಯೂ ಪಾರದರ್ಶಕ. ಒಂದು ಬಗೆಯ ಶಿಲೀಂಧ್ರದ ಸೂಜಿಯಂಥ ಬೀಜಕಣಗಳು ಇದರ ಹೊಟ್ಟೆಗೆ ಹೋಗಿ, ಕರುಳನ್ನು ಚುಚ್ಚಿ ಮೈಯೊಳಗೆ ಬರುತ್ತಿದ್ದವು. ಕೂಡಲೇ ಭಕ್ಷಕ ಕೋಶಗಳು ಅವನ್ನು ಮುತ್ತುತ್ತಿದ್ದವು. ಕೋಶಗಳು ಬೀಜಕಣಗಳನ್ನು ನಾಶಮಾಡಿದರೆ ನೀರು ಚಿಗಟ ಬದುಕುತ್ತಿತ್ತು. ಬೀಜಕಣಗಳು ಹೆಚ್ಚಾಗಿ ಕೋಶಗಳು ಸೋತರೆ ಅದು ಸಾಯುತ್ತಿತ್ತು. ರೋಗ ಎಂದರೆ ರೋಗಾಣುಗಳಿಗೂ ಭಕ್ಷಕ ಕೋಶಗಳಿಗೂ ನಡೆಯುವ ಯುದ್ಧ ಎಂದು 1884ರಲ್ಲಿ ಅವರು ತೋರಿಸಿಕೊಟ್ಟರು.

1886ರಲ್ಲಿ ಒಡೆಸಾ ನಗರದಲ್ಲಿ ಹೊಸದಾಗಿ ತೆರೆದ ಲಸಿಕಾ ಕೇಂದ್ರಕ್ಕೆ ಅವರು ಮುಖ್ಯಸ್ಥರಾದರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಹಾಕುವುದು ಆ ಕೇಂದ್ರದ ಮುಖ್ಯ ಕೆಲಸ. ಆದರೆ ಮೆಚ್ನಿಕಾಫ್ ವೈದ್ಯ ಪದವಿ ಪಡೆದವರಲ್ಲ ಎಂದು ಅಲ್ಲಿಯೂ ತಕರಾರು ಎದ್ದಿತು. ಅವರು ಬೇರೆ ಕಡೆ ಕೆಲಸ ಹುಡುಕತೊಡಗಿದರು. ಕ್ಷಯದ ರೋಗಾಣುವನ್ನು ಕಂಡುಹಿಡಿದ ಜರ್ಮನಿಯ ರಾಬರ್ಟ್ ಕಾಕ್ ಅವರು ಮೆಚ್ನಿಕಾಫ್‌ರ ಮಾತಿಗೆ ಕಿವಿಗೊಡಲಿಲ್ಲ. ಆದರೆ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಅವರು ಆದರದಿಂದ ಬರಮಾಡಿಕೊಂಡರು. 1888ರಲ್ಲಿ ಮೆಚ್ನಿಕಾಫ್ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಮುಂದಿನ 28 ವರ್ಷಗಳನ್ನು ಅಲ್ಲಿಯೇ ಕಳೆದರು.

ಅವರ ಶಿಷ್ಯರೊಬ್ಬರ ಹೆಸರು ಭಾರತದಲ್ಲಿ ಇಂದಿಗೂ ಉಳಿದಿದೆ. ಅವರೇ ವಾಲ್ಡೆಮಾರ್ ಹಾಫ್‌ಕಿನ್. ಒಡೆಸಾದಲ್ಲಿ ಮೆಚ್ನಿಕಾಫ್‌ರ ಬಳಿ ಕಲಿತ ಹಾಫ್‌ಕಿನ್, ಮುಂದೆ ಪಾಶ್ಚರ್ ಸಂಸ್ಥೆ ಸೇರಿ ಕಾಲರಾ ಲಸಿಕೆ ತಯಾರಿಸಿದರು. 1893ರಲ್ಲಿ ಭಾರತಕ್ಕೆ ಬಂದು ಸಾವಿರಾರು ಜನರಿಗೆ ಆ ಲಸಿಕೆ ಹಾಕಿದರು. ಮುಂಬಯಿಯಲ್ಲಿ ಪ್ಲೇಗ್ ಹರಡಿದಾಗ ಅದಕ್ಕೂ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಅವರದೇ ಹೆಸರು.

ಇಬ್ಬರೂ ಗೆದ್ದ ವಾದ

ಪಾಶ್ಚರ್ ಸಂಸ್ಥೆಯಲ್ಲಿ ಮೆಚ್ನಿಕಾಫ್ 1891ರಲ್ಲಿ ಉರಿಯೂತದ ಬಗ್ಗೆ ಉಪನ್ಯಾಸಗಳನ್ನು ಕೊಟ್ಟರು. ಮರುವರ್ಷ ಅವು ಪುಸ್ತಕವಾಗಿ ಬಂದವು. ಅಮೀಬಾದಿಂದ ಹಿಡಿದು ಮನುಷ್ಯನವರೆಗೆ ಪ್ರತಿಯೊಂದು ಜೀವಿಯೂ ಹೊರಗಿನ ವಸ್ತುವನ್ನು ಹೇಗೆ ಎದುರಿಸುತ್ತದೆ ಎಂಬುದನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದರು.

ಆದರೆ ಅವರು ಇನ್ನೊಂದು ಮುಖ್ಯವಾದ ಮಾತನ್ನೂ ಹೇಳಿದ್ದರು. ದೇಹದ ಈ ರಕ್ಷಣೆ ಒಳ್ಳೆಯದೇ, ಆದರೆ ಅದು ಪರಿಪೂರ್ಣವಲ್ಲ. ಕೆಲವೊಮ್ಮೆ ಅದು ಸಾಲದೇ ಹೋಗಬಹುದು, ಕೆಲವೊಮ್ಮೆ ದೇಹಕ್ಕೇ ತೊಂದರೆ ಕೊಡಬಹುದು. ಆದ್ದರಿಂದಲೇ ಮನುಷ್ಯ ತನ್ನ ಬುದ್ಧಿಯಿಂದ ಅದನ್ನು ತಿದ್ದಬೇಕು. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಆ ಕಾಲದಲ್ಲಿ ವಿಜ್ಞಾನಿಗಳಲ್ಲಿ ಎರಡು ಗುಂಪುಗಳಿದ್ದವು. ರೋಗಾಣುಗಳನ್ನು ಸೋಲಿಸುವುದು ಭಕ್ಷಕ ಕೋಶಗಳು ಎಂದು ಮೆಚ್ನಿಕಾಫ್‌ರ ಗುಂಪು. ಅಲ್ಲ, ರಕ್ತದ ದ್ರವದಲ್ಲಿ ಕರಗಿರುವ ಪ್ರತಿಕಾಯಗಳಂಥ ವಸ್ತುಗಳು ಎಂದು ಇನ್ನೊಂದು ಗುಂಪು. ಮೆಚ್ನಿಕಾಫ್ ಬಹಳ ಬೇಗ ಸಿಟ್ಟಾಗುವ ಸ್ವಭಾವದವರು. ಟೀಕೆ ಬಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದರು. ಆದರೆ ಪ್ರತಿ ಟೀಕೆಗೂ ಅವರು ಕೊಟ್ಟ ಉತ್ತರ ಹೊಸದೊಂದು ಪ್ರಯೋಗ.

ಕೊನೆಗೆ ಯಾರು ಗೆದ್ದರು? ಇಬ್ಬರೂ! ರಕ್ತದ ದ್ರವದಲ್ಲಿರುವ ಕೆಲವು ಪ್ರೋಟೀನುಗಳು ರೋಗಾಣುಗಳಿಗೆ ಅಂಟಿಕೊಳ್ಳುತ್ತವೆ. ಹಾಗೆ ಗುರುತು ಬಿದ್ದ ರೋಗಾಣುಗಳನ್ನು ಭಕ್ಷಕ ಕೋಶಗಳು ಸುಲಭವಾಗಿ ನುಂಗುತ್ತವೆ. ಎರಡೂ ಕೂಡಿ ಕೆಲಸ ಮಾಡುತ್ತವೆ. 1908ರ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕಾಫ್ ಮತ್ತು ಇನ್ನೊಂದು ಗುಂಪಿನ ಪಾಲ್ ಎರ್ಲಿಕ್ ಅವರಿಗೆ ಹಂಚಿ ಕೊಡಲಾಯಿತು.

ವಯಸ್ಸಾದ ಮೇಲೆ ಮೆಚ್ನಿಕಾಫ್ ಮುಪ್ಪಿನ ಬಗ್ಗೆ ಯೋಚಿಸತೊಡಗಿದರು. ಕರುಳಿನಲ್ಲಿರುವ ಕೆಟ್ಟ ಬ್ಯಾಕ್ಟೀರಿಯಾಗಳಿಂದ ಬೇಗ ಮುಪ್ಪು ಬರುತ್ತದೆ, ಹುಳಿ ಹಾಲಿನ ಬ್ಯಾಕ್ಟೀರಿಯಾಗಳು ಅದನ್ನು ತಡೆಯಬಹುದು ಎಂದು ಅವರು ನಂಬಿದರು. ದಿನವೂ ಹುಳಿ ಹಾಲು ಕುಡಿದರು. ನಾವು ತಿನ್ನುವ ಮೊಸರಿನ ಬಳಗದ್ದೇ ಅದು. ಮೊಸರು ತಿಂದರೆ ಮುಪ್ಪು ದೂರವಾಗುತ್ತದೆ ಎಂಬುದು ಸಾಬೀತಾಗಲಿಲ್ಲ. ಆದರೆ ಕರುಳಿನ ಬ್ಯಾಕ್ಟೀರಿಯಾಗಳಿಗೂ ಆರೋಗ್ಯಕ್ಕೂ ನಂಟಿದೆ ಎಂಬ ವಿಷಯವಾಗಿ ಇಂದೂ ಸಂಶೋಧನೆ ನಡೆದಿದೆ. ದೊಡ್ಡ ವಿಜ್ಞಾನಿಗಳ ಎಲ್ಲ ಊಹೆಗಳೂ ಸರಿಯಾಗಿರುವುದಿಲ್ಲ, ಅಲ್ಲವೇ?

ಕೊನೆಯ ವರ್ಷಗಳಲ್ಲಿ ಅವರಿಗೆ ಹೃದಯದ ಕಾಯಿಲೆ ಬಂತು. 1916ರ ಜುಲೈ ತಿಂಗಳಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಪ್ಯಾರಿಸ್‌ನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 71 ವರ್ಷ. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಡಲಾಗಿದೆ. ಹೃದಯವನ್ನು ಬಿಚ್ಚಿ ಸರಿಪಡಿಸುವ ಉಪಾಯ ಆಗ ಯಾರಿಗೂ ತಿಳಿದಿರಲಿಲ್ಲ. ಅಂಥ ಉಪಾಯ ಬಂದಾಗ ಅದರೊಂದಿಗೆ ಮೆಚ್ನಿಕಾಫ್‌ರ ಮುಳ್ಳಿನ ಪ್ರಶ್ನೆಯೂ ಮತ್ತೆ ಎದ್ದು ಬಂತು.

ಹೃದಯದ ಬಳಸುದಾರಿ

ನಮ್ಮ ಹೃದಯ ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತ ದೇಹಕ್ಕೆಲ್ಲ ರಕ್ತ ಒದಗಿಸುತ್ತದೆ. ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದಕ್ಕಾಗಿ ಹೃದಯದ ಮೇಲೆಯೇ ಕೆಲವು ಸಣ್ಣ ರಕ್ತನಾಳಗಳಿವೆ. ಇವುಗಳ ಒಳಗೆ ಕೊಬ್ಬು ಕಟ್ಟಿಕೊಂಡರೆ ದಾರಿ ಕಿರಿದಾಗುತ್ತದೆ. ಆಗ ವೈದ್ಯರು ಕಾಲಿನಿಂದಲೋ ಎದೆಯಿಂದಲೋ ಬೇರೊಂದು ರಕ್ತನಾಳ ತೆಗೆದು, ಕಟ್ಟಿಕೊಂಡ ಜಾಗವನ್ನು ದಾಟಿಸಿ ಜೋಡಿಸುತ್ತಾರೆ. ರಸ್ತೆಗೆ ಅಡ್ಡಲಾಗಿ ಮರ ಬಿದ್ದಾಗ ಪಕ್ಕದಲ್ಲಿ ಬಳಸುದಾರಿ ಮಾಡುವುದಿಲ್ಲವೇ? ಹಾಗೆಯೇ. ಇದೇ ಬೈಪಾಸ್ ಶಸ್ತ್ರಚಿಕಿತ್ಸೆ. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಅರ್ಜೆಂಟೀನಾದ ವೈದ್ಯ ರೆನೆ ಫವಲೊರೊ 1967ರಿಂದ ಇದನ್ನು ವ್ಯವಸ್ಥಿತವಾಗಿ ಬೆಳೆಸಿದರು. ಇಂದು ನಮ್ಮ ಬೆಂಗಳೂರಿನಲ್ಲಿಯೂ ಇದನ್ನು ಮಾಡುತ್ತಾರೆ.

ಬಡಿಯುತ್ತಿರುವ ಹೃದಯಕ್ಕೆ ಹೊಲಿಗೆ ಹಾಕುವುದು ಕಷ್ಟ. ಆದ್ದರಿಂದ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಹೃದಯ ನಿಂತರೆ ಮನುಷ್ಯ ಬದುಕುವುದು ಹೇಗೆ? ಅದಕ್ಕಾಗಿಯೇ ಇದೆ ಹೃದಯ-ಶ್ವಾಸಕೋಶ ಯಂತ್ರ. ದೇಹದಿಂದ ರಕ್ತವನ್ನು ಪ್ಲಾಸ್ಟಿಕ್ ಕೊಳವೆಗಳ ಮೂಲಕ ಹೊರತಂದು, ಆಮ್ಲಜನಕ ಸೇರಿಸಿ, ಪಂಪಿನಿಂದ ಮತ್ತೆ ದೇಹಕ್ಕೆ ಕಳಿಸುವ ಯಂತ್ರ ಇದು. ಅಮೆರಿಕದ ಜಾನ್ ಗಿಬ್ಬನ್ ಅವರು ಇದಕ್ಕಾಗಿ ಸುಮಾರು 20 ವರ್ಷ ದುಡಿದರು. 1953ರ ಮೇ 6ರಂದು ಈ ಯಂತ್ರದ ಸಹಾಯದಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದಲ್ಲಿದ್ದ ರಂಧ್ರವನ್ನು ಮುಚ್ಚಿದರು. ಅವಳ ಹೃದಯ ಮತ್ತು ಶ್ವಾಸಕೋಶಗಳ ಇಡೀ ಕೆಲಸವನ್ನು 26 ನಿಮಿಷ ಯಂತ್ರವೇ ಮಾಡಿತು. ಹುಡುಗಿ ಬದುಕಿದಳು.

ಆದರೆ ಇಂಥ ಶಸ್ತ್ರಚಿಕಿತ್ಸೆಗಳು ಹೆಚ್ಚಿದಂತೆ ವೈದ್ಯರು ಒಂದು ವಿಚಿತ್ರ ಕಂಡರು. ಹೃದಯ ಸರಿಹೋಗಿದೆ. ಹೊಲಿಗೆ ಚೆನ್ನಾಗಿದೆ. ರೋಗಾಣು ಯಾವುದೂ ಸೇರಿಲ್ಲ. ಆದರೂ ಕೆಲವು ರೋಗಿಗಳಿಗೆ ಜ್ವರ ಬರುತ್ತಿತ್ತು. ಮೈ ಊದಿಕೊಳ್ಳುತ್ತಿತ್ತು. ಉಸಿರಾಟ ಕಷ್ಟವಾಗುತ್ತಿತ್ತು. ಕೆಲವರಿಗೆ ಮೂತ್ರಪಿಂಡಗಳೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಏಕೆ?

ಇಲ್ಲೊಮ್ಮೆ ನೀವೇ ಯೋಚಿಸಿ. ಕಾಲಿಗೆ ಚುಚ್ಚಿದ ಮುಳ್ಳು ಹೊರಗಿನ ವಸ್ತು. ಅದನ್ನು ಕಂಡೊಡನೆ ಬಿಳಿ ಕಣಗಳು ಓಡುತ್ತವೆ. ಹಾಗಾದರೆ ಪ್ಲಾಸ್ಟಿಕ್ ಕೊಳವೆ?

ಹೌದು, ಅದೂ ಹೊರಗಿನ ವಸ್ತುವೇ! ನಮ್ಮ ರಕ್ತ ಹುಟ್ಟಿದಾಗಿನಿಂದ ರಕ್ತನಾಳದ ನುಣುಪಾದ ಒಳಗೋಡೆಯನ್ನಷ್ಟೇ ಮುಟ್ಟಿರುತ್ತದೆ. ಯಂತ್ರದೊಳಗೆ ಹೋದಾಗ ಅದಕ್ಕೆ ಮೊದಲ ಬಾರಿ ಪ್ಲಾಸ್ಟಿಕ್ ತಗಲುತ್ತದೆ. ಕೂಡಲೇ ರಕ್ತದ ದ್ರವದಲ್ಲಿರುವ ಪೂರಕ ಪ್ರೋಟೀನುಗಳು ಎಚ್ಚೆತ್ತು ಅಪಾಯದ ಗಂಟೆ ಬಾರಿಸುತ್ತವೆ. ನ್ಯೂಟ್ರೊಫಿಲ್‌ಗಳು ಸಿದ್ಧವಾಗುತ್ತವೆ. ಆದರೆ ನುಂಗಲು ಅಲ್ಲಿ ರೋಗಾಣುವೇ ಇಲ್ಲ! ಮುಳ್ಳು ಚುಚ್ಚಿದಾಗ ಊತ ಒಂದೇ ಕಡೆ ಇರುತ್ತದೆ. ಇಲ್ಲಿ ಎಚ್ಚೆತ್ತ ಕಣಗಳು ರಕ್ತದೊಡನೆ ಮೈಯೆಲ್ಲ ಹರಿಯುತ್ತವೆ. ಶ್ವಾಸಕೋಶದಂಥ ಅಂಗಗಳ ಸಣ್ಣ ರಕ್ತನಾಳಗಳಲ್ಲಿ ಅಂಟಿಕೊಳ್ಳುತ್ತವೆ. ರೋಗಾಣುಗಳಿಗೆಂದು ಇಟ್ಟುಕೊಂಡಿದ್ದ ರಾಸಾಯನಿಕಗಳನ್ನು ಅಲ್ಲಿಯೇ ಚೆಲ್ಲುತ್ತವೆ. ರಕ್ತನಾಳದ ಗೋಡೆ ಹಾಳಾಗಿ ನೀರು ಸೋರುತ್ತದೆ. ಊತ ಬರುತ್ತದೆ. ನಿಂತಿದ್ದ ಹೃದಯಕ್ಕೆ ಮತ್ತೆ ರಕ್ತ ಹರಿಸಿದಾಗಲೂ ಈ ಕಣಗಳು ಕೆರಳುತ್ತವೆ. ಒಟ್ಟಿನಲ್ಲಿ ಇಡೀ ದೇಹಕ್ಕೇ ಮುಳ್ಳು ಚುಚ್ಚಿದಂತಾಗುತ್ತದೆ!

ಹೆದರಬೇಡಿ. ಹೆಚ್ಚಿನ ರೋಗಿಗಳಲ್ಲಿ ಈ ಉರಿಯೂತ ಅಷ್ಟು ಜೋರಾಗಿರುವುದಿಲ್ಲ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಮಾತ್ರ ಅಪಾಯವಾಗಬಹುದು. ಅವರಿಗಾಗಿ ವೈದ್ಯರೂ ಎಂಜಿನಿಯರುಗಳೂ ಹಲವು ದಾರಿ ಹುಡುಕಿದ್ದಾರೆ. ಕೊಳವೆಗಳ ಒಳಮೈಗೆ ರಕ್ತ ಸುಲಭವಾಗಿ ಕೆರಳದಂಥ ಲೇಪನ ಬಳಿಯುತ್ತಾರೆ. ರಕ್ತಕ್ಕೆ ಪ್ಲಾಸ್ಟಿಕ್ ತಗಲುವುದು ಕಡಿಮೆಯಾಗಲೆಂದು ಕೊಳವೆಗಳನ್ನು ಚಿಕ್ಕದು ಮಾಡಿದ್ದಾರೆ. ಬಿಳಿ ಕಣಗಳನ್ನು ಸೋಸಿ ಹಿಡಿಯುವ ಜಾಲರಿಯನ್ನೂ ಪ್ರಯತ್ನಿಸಿದ್ದಾರೆ. ಕೆಲವು ರೋಗಿಗಳಿಗೆ ಯಂತ್ರವನ್ನೇ ಬಳಸದೆ, ಬಡಿಯುತ್ತಿರುವ ಹೃದಯದ ಮೇಲೆಯೇ ಬೈಪಾಸ್ ಮಾಡುತ್ತಾರೆ.

ಹಾಗಾದರೆ ಔಷಧಿ ಕೊಟ್ಟು ಬಿಳಿ ಕಣಗಳನ್ನು ಮಲಗಿಸಿಬಿಟ್ಟರೆ ಆಗದೇ? ಒಳ್ಳೆಯ ಪ್ರಶ್ನೆ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧಿಯನ್ನು 18 ದೇಶಗಳ 7,000ಕ್ಕೂ ಹೆಚ್ಚು ಹೃದಯ ರೋಗಿಗಳಲ್ಲಿ ಪರೀಕ್ಷಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆ ಔಷಧಿಯಿಂದ ಸಾವುಗಳೇನೂ ಕಡಿಮೆಯಾಗಲಿಲ್ಲ. ಕಾವಲುಗಾರ ಗದ್ದಲ ಮಾಡುತ್ತಾನೆಂದು ಅವನನ್ನು ಮಲಗಿಸಿದರೆ ಕಳ್ಳ ಬಂದಾಗ ಕಾಯುವವರು ಯಾರು? ಶಸ್ತ್ರಚಿಕಿತ್ಸೆಯ ಗಾಯ ಮಾಯಲು, ರೋಗಾಣುಗಳನ್ನು ತಡೆಯಲು ಅದೇ ಬಿಳಿ ಕಣಗಳು ಬೇಕಲ್ಲವೇ?

ಮೆಚ್ನಿಕಾಫ್ ಹೇಳಿದ್ದ ಮಾತು ಈಗ ನೆನಪಾಯಿತೇ? ದೇಹದ ರಕ್ಷಣೆ ಒಳ್ಳೆಯದು, ಆದರೆ ಪರಿಪೂರ್ಣವಲ್ಲ. ಅವರ ಕಾಲದಲ್ಲಿ ಇಂಥ ಪ್ಲಾಸ್ಟಿಕ್ ಕೊಳವೆಗಳೂ ಇರಲಿಲ್ಲ, ಹೃದಯ-ಶ್ವಾಸಕೋಶ ಯಂತ್ರವೂ ಇರಲಿಲ್ಲ. ಆದರೂ ಆ ಮಾತು ಇಂದಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಿಜವಾಗಿದೆ. ಕಾವಲುಗಾರರನ್ನು ಮಲಗಿಸದೆಯೇ ಸಮಾಧಾನ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಮುಂದೆ ಅದನ್ನು ಹುಡುಕಬಹುದು.

ನೀವು ಮಾಡಬಹುದಾದದ್ದು

ಕಾಲಿಗೆ ಮುಳ್ಳು ಚುಚ್ಚಿದರೆ ಮುಚ್ಚಿಡಬೇಡಿ. ಮನೆಯಲ್ಲಿ ಅಥವಾ ಶಾಲೆಯಲ್ಲಿ ದೊಡ್ಡವರಿಗೆ ತಿಳಿಸಿ. ಮುಳ್ಳನ್ನು ಶುಚಿಯಾದ ಕೈಯಿಂದ ತೆಗೆಸಿ, ಗಾಯವನ್ನು ಸಾಬೂನು ಮತ್ತು ಶುದ್ಧ ನೀರಿನಿಂದ ತೊಳೆಯಿರಿ. ಮಣ್ಣು, ಸಗಣಿ ಹಚ್ಚಬೇಡಿ. ಕೀವಾದರೆ ಹಿಸುಕಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಚಪ್ಪಲಿ ಹಾಕಿಕೊಂಡು ಓಡಾಡುವುದು ಎಲ್ಲಕ್ಕಿಂತ ಒಳ್ಳೆಯದು.

ನಿಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ, ಕೆರೆಯ ನೀರಿನ ಒಂದು ಹನಿಯನ್ನು ತೋರಿಸುವಂತೆ ನಿಮ್ಮ ಶಿಕ್ಷಕರನ್ನು ಕೇಳಿ. ಅದೃಷ್ಟವಿದ್ದರೆ ಮೆಚ್ನಿಕಾಫ್ ನೋಡಿದ ನೀರು ಚಿಗಟ ನಿಮಗೂ ಕಾಣಬಹುದು. ಅದರ ಗಾಜಿನಂಥ ಮೈಯೊಳಗೆ ಪುಟ್ಟ ಹೃದಯವೊಂದು ಪಟಪಟನೆ ಬಡಿಯುತ್ತಿರುತ್ತದೆ. ಆ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ? ಎಣಿಸಿ ನೋಡಿ, ಗೆಳೆಯರಿಗೂ ಹೇಳಿ. ಅದಕ್ಕಾಗಿ ನೀವು ಇಲ್ಯಾನಂತೆ ಅವರಿಗೆ ಕಾಸು ಕೊಡಬೇಕಾಗಿಲ್ಲ!